ಸಂಸಾರಸ್ಥನ ಕಾರಿಗೆ ಇಷ್ಟೊಂದು ಪೊಗರು ಬೇಕಾ?

2025ರ ಅಕ್ಟೋಬರಿನಲ್ಲಿ ಸ್ಕೋಡಾದವರು ಆಕ್ಟೇವಿಯಾ ಆರ್‌ಎಸ್ ಅನ್ನೋ ಕಾರನ್ನ ನಮ್ಮ ದೇಶಕ್ಕೆ ತಂದರು. ಬರೀ ನೂರು ಕಾರು. ಎಕ್ಸ್-ಶೋರೂಮ್ ಬೆಲೆ ಐವತ್ತು ಲಕ್ಷಕ್ಕೆ ಒಂದೇ ಒಂದು ಸಾವಿರ ಕಡಿಮೆ. 265 ಅಶ್ವಶಕ್ತಿ. ಬುಕಿಂಗ್ ಶುರುವಾಗಿ ಇಪ್ಪತ್ತೇ ನಿಮಿಷದಲ್ಲಿ ಅಷ್ಟೂ ಖಾಲಿ! ನಮ್ಮನೇಲಿ ಇಪ್ಪತ್ತು ನಿಮಿಷದಲ್ಲಿ ದೋಸೆ ಹೆಂಚು ಕೂಡ ಸರಿಯಾಗಿ ಹದಕ್ಕೆ ಬರೋದಿಲ್ಲ :-)

ಈ ವಿಷಯ ಹೇಳಿದಾಗ ನನ್ನ ಭಾವಮೈದುನ ಸುಮ್ಮನೆ ಒಂದು ಪ್ರಶ್ನೆ ಕೇಳಿದ. "ಅಲ್ಲ ಭಾವ, ಅದೇನು ರೇಸ್ ಕಾರಾ? ಹಿಂದಿನ ಸೀಟಲ್ಲಿ ಅಜ್ಜಿ ಕೂರೋ ಕಾರು. ಡಿಕ್ಕಿಯಲ್ಲಿ ಅಕ್ಕಿ ಮೂಟೆ ಹಾಕೋ ಕಾರು. ಅದಕ್ಕೆ ಯಾಕೆ 265 ಕುದುರೆ?"

ಪ್ರಶ್ನೆ ಸರಿಯಾಗೇ ಇದೆ. ಆದರೆ ಕಾರಿನ ಹುಚ್ಚಿರೋ ನನ್ನಂಥವರು ಇದಕ್ಕೆ ಉತ್ತರ ಕೊಡೋದಿಲ್ಲ, "ನಿಂಗೆ ಅರ್ಥ ಆಗಲ್ಲ ಬಿಡು" ಅಂತೀವಿ. ನಾನೂ ಅಂದೆ. ಆಮೇಲೆ ಕೂತು ಯೋಚನೆ ಮಾಡಿದರೆ ನನಗೇ ಸರಿಯಾಗಿ ಅರ್ಥ ಆಗಿಲ್ಲ ಅನ್ನಿಸಿತು. ಹಾಗಾಗಿ ಈ ಬರಹ.

ಈ ಚಟ ಇವತ್ತಿನದಲ್ಲ. 1963ರಲ್ಲಿ ಇಂಗ್ಲೆಂಡಿನಲ್ಲಿ ಫೋರ್ಡ್ ಕಾರ್ಟಿನಾ ಅನ್ನೋ ಅತೀ ಸಾಧಾರಣ ಸಂಸಾರದ ಕಾರಿಗೆ ಲೋಟಸ್‌ನವರು ತಮ್ಮ 1.6 ಲೀಟರಿನ ಎಂಜಿನ್ ಕೂರಿಸಿದರು. ಜಿಮ್ ಕ್ಲಾರ್ಕ್ ಅದನ್ನೇ ಓಡಿಸಿ 1964ರ ಬ್ರಿಟಿಷ್ ಸಲೂನ್ ಕಾರ್ ಚಾಂಪಿಯನ್‌ಶಿಪ್ ಗೆದ್ದ. ಪಕ್ಕದ ಮನೆಯವರ ಗ್ಯಾರೇಜಿನಲ್ಲಿ ನಿಂತಿರೋ ಅದೇ ಆಕಾರದ ಕಾರು ರೇಸ್ ಟ್ರ್ಯಾಕ್‌ನಲ್ಲಿ ಗೆಲ್ಲೋದು ನೋಡಿದ ಜನಕ್ಕೆ ಎಂಥಾ ಖುಷಿ ಆಗಿರಬೇಕು ಯೋಚನೆ ಮಾಡಿ...

ಅದೇ ಲೋಟಸ್‌ನವರು 1990ರಲ್ಲಿ ವಾಕ್ಸ್‌ಹಾಲ್ ಕಾರ್ಲ್ಟನ್ ಅನ್ನೋ ಇನ್ನೊಂದು ನಾಲ್ಕು ಬಾಗಿಲ ಕಾರಿಗೆ ಕೈ ಹಾಕಿದಾಗ ಮಾತ್ರ ಗಲಾಟೆ ಆಯಿತು. ಎರಡು ಟರ್ಬೊ, 377 ಅಶ್ವಶಕ್ತಿ, ಗಂಟೆಗೆ 280 ಕಿ.ಮೀ. ಮೀರಿದ ವೇಗ. ಇದನ್ನ ನಿಷೇಧ ಮಾಡಿ ಅಂತ ಪತ್ರಿಕೆಗಳು ಬೊಬ್ಬೆ ಹೊಡೆದವು. ಮೂರು ವರ್ಷ ಆದಮೇಲೆ ಅಂಥದ್ದೇ ಒಂದು ಕಾರನ್ನ ಕಳ್ಳರು ಕದ್ದು, ತಿಂಗಳುಗಟ್ಟಲೆ ಅದರಲ್ಲೇ ಅಂಗಡಿ ಲೂಟಿ ಮಾಡಿಕೊಂಡು ತಿರುಗಿದರು, ಪೊಲೀಸರ ಕಾರುಗಳಿಗೆ ಅದನ್ನ ಹಿಡಿಯೋಕೇ ಆಗಲಿಲ್ಲ. ನಿಷೇಧ ಮಾಡಿ ಅಂದವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ನಮ್ಮ ಕಡೆ ಕಥೆ ಇಷ್ಟು ರಂಗಾಗಿಲ್ಲ. 2000ದಲ್ಲಿ ಹೋಂಡಾ ಸಿಟಿಯ ವಿಟೆಕ್ ಬಂತು, 106 ಅಶ್ವಶಕ್ತಿ. ಆಗ ಅದೇ ದೊಡ್ಡದು, ಈಗಲೂ ಆ ಕಾರನ್ನ ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. 2003ರಲ್ಲಿ ಹೊಸ ಸಿಟಿ ಬಂದಾಗ ಎಂಜಿನ್ 77 ಅಶ್ವಶಕ್ತಿಗೆ ಇಳಿದಿತ್ತು, ಮೈಲೇಜ್ ಏರಿತ್ತು. ಹುಚ್ಚರು ಅತ್ತರು, ಸಂಸಾರಸ್ಥರು ಕ್ಯೂ ನಿಂತರು. 2004ರಲ್ಲಿ ಮೊದಲ ಆಕ್ಟೇವಿಯಾ ಆರ್‌ಎಸ್. 2010ರಲ್ಲಿ ಫಿಯಟ್ ಲೀನಿಯಾ ಟಿ-ಜೆಟ್, 114 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಈ ಕೊನೇ ಮಾತನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬರ್ತೀನಿ.

ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು 2018ರ ಟಾಟಾ ಟಿಗೋರ್ ಜೆಟಿಪಿ. ಕೊಯಮತ್ತೂರಿನ ಜಯೆಮ್ ಅನ್ನೋ ಸಂಸ್ಥೆಯ ಜೊತೆ ಸೇರಿ ಟಾಟಾದವರು ಮಾಡಿದ್ದು. ಸಾದಾ ಪೆಟ್ರೋಲ್ ಟಿಗೋರ್‌ಗೆ 85 ಅಶ್ವಶಕ್ತಿ, ಇದಕ್ಕೆ ಟರ್ಬೊ ಕೂರಿಸಿ 114. ಅಗಲದ ಟೈರು, ಬಿಗಿ ಮಾಡಿದ ಸಸ್ಪೆನ್ಷನ್. ಬೆಲೆ ಏಳೂವರೆ ಲಕ್ಷ! ಅಂದರೆ ಸ್ಕೂಲ್ ಮೇಷ್ಟ್ರು, ಬ್ಯಾಂಕ್ ಗುಮಾಸ್ತರು ಕೂಡ ಲೋನ್ ಮಾಡಿ ತಗೋಬಹುದಾದ ಕಾರು. 2020ರ ಹೊತ್ತಿಗೆ ಬಿಎಸ್6 ನಿಯಮ ಬರ್ತಿದ್ದ ಹಾಗೆ ಅದೂ ನಿಂತು ಹೋಯಿತು. ಏಳೂವರೆ ಲಕ್ಷ ಕೊಡೋನು ಮೊದಲು ಕೇಳೋದು "ಎಷ್ಟು ಕೊಡುತ್ತೆ?" ಅಂತ. ಕೇಳಬೇಕಾದ್ದೇ, ತಪ್ಪೇನಿಲ್ಲ. ಪೆಟ್ರೋಲ್ ಹಾಕ್ಸೋನು ಅವನೇ ತಾನೆ?

*

ಈಗ ನನ್ನದೇ ಒಂದು ಕಥೆ ಹೇಳಬೇಕು. ಇಷ್ಟು ವರ್ಷ ಮನೆಯವರ ಮುಂದೆಯೂ ಸರಿಯಾಗಿ ಬಾಯಿ ಬಿಟ್ಟಿಲ್ಲ.

2018ರ ಡಿಸೆಂಬರ್. ಪರಿಚಯದವರೊಬ್ಬರು ಕೆಲಸದ ಮೇಲೆ ಹೊರದೇಶಕ್ಕೆ ಹೊರಟಿದ್ದರು. ಅವರ ಹತ್ತಿರ ಹಿಂದಿನ ವರ್ಷ ತಗೊಂಡ ಆಕ್ಟೇವಿಯಾ ಆರ್‌ಎಸ್ ಇತ್ತು, 230 ಅಶ್ವಶಕ್ತಿಯದ್ದು. "ನೀನೇ ತಗೋ, ಒಂದು ವಾರ ಓಡಿಸಿ ನೋಡು" ಅಂತ ಕೀ ಕೊಟ್ಟರು. ನನ್ನ ಹತ್ತಿರ ಇದ್ದಿದ್ದು (ಈಗಲೂ ಇರೋದು) ಎಲ್ಲರ ಹತ್ತಿರ ಇರೋ ಥರದ ಒಂದೂವರೆ ಲೀಟರಿನ ಬಿಳೀ ಸೆಡಾನ್. ಶಿವಮೊಗ್ಗಕ್ಕೆ ಹೋಗೋದಿತ್ತು. ಅಮ್ಮ, ಹೆಂಡತಿ, ಏಳು ವರ್ಷದ ಮಗಳು, ಡಿಕ್ಕಿಯಲ್ಲಿ ಎರಡು ಸೂಟ್‌ಕೇಸು, ಒಂದು ಡಬ್ಬ ಹಲಸಿನ ಹಪ್ಪಳ, ಯಾರದೋ ಮದುವೆಯ ಹಿತ್ತಾಳೆ ಕೊಡ. ಎಲ್ಲಾ ಹಿಡಿಸಿ ಇನ್ನೂ ಜಾಗ ಉಳೀತು. ಆಗಲೇ ನಾನು ಆ ಕಾರಿಗೆ ಸೋತೆ.

ತುಮಕೂರು ದಾಟಿ, ತಿಪಟೂರು, ಅರಸೀಕೆರೆ. ಆಗಿನ್ನೂ ಅದು ಎರಡೇ ಲೇನಿನ ರಸ್ತೆ. ಬಾಣಾವರ ಆದಮೇಲೆ ಮುಂದೊಂದು ಟ್ಯಾಂಕರ್, ಅದರ ಪಾಡಿಗೆ ಐವತ್ತರಲ್ಲಿ ಹೋಗ್ತಾ ಇತ್ತು. ಎದುರಿಗೆ ದೂರದಲ್ಲಿ ಒಂದು ಬಸ್ಸು. ನನ್ನ ಕಾರಾಗಿದ್ದರೆ ಸುಮ್ಮನೆ ಟ್ಯಾಂಕರಿನ ಹಿಂದೆ ಇರ್ತಿದ್ದೆ. ಇದರಲ್ಲಿ ಕಾಲು ಒತ್ತಿದೆ. ಸೀಟು ಬೆನ್ನಿಗೆ ಗುದ್ದಿತು, ಟ್ಯಾಂಕರ್ ಹಿಂದಾಯಿತು, ಬಸ್ಸು ಇನ್ನೂ ದೂರದಲ್ಲೇ ಇತ್ತು. "ಆಹಾ!" ಅಂದುಕೊಳ್ಳೋಷ್ಟರಲ್ಲಿ ಎಡಗಡೆ ಹೊಲದ ದಾರಿಯಿಂದ ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಒಬ್ಬ ಅಜ್ಜ. ಹಿಂದೆ ಆಳೆತ್ತರ ಹುಲ್ಲಿನ ಹೊರೆ. ಆಕಡೆ ಈಕಡೆ ನೋಡದೆ ರಸ್ತೆಗೆ ಬಂದೇ ಬಿಟ್ಟ.

ಬ್ರೇಕ್ ಒತ್ತಿದೆ. ಕಾರು ಗೂಟ ಹೊಡೆದ ಹಾಗೆ ನಿಂತಿತು. ಹುಲ್ಲಿನ ಹೊರೆಗೂ ಬಾನೆಟ್ಟಿಗೂ ಎಂಟು-ಹತ್ತು ಅಡಿ ಉಳಿದಿತ್ತೇನೋ. ಅಜ್ಜ ತಿರುಗಿ ಕೂಡ ನೋಡಲಿಲ್ಲ. ಹಿಂದಿನಿಂದ ಟ್ಯಾಂಕರಿನವನು ಹಾರನ್ ಹೊಡೆದು, ನಮ್ಮನ್ನ ದಾಟಿಕೊಂಡು, ಅದೇ ಐವತ್ತರಲ್ಲಿ ಹೋದ. ಅಮ್ಮ ಹಿಂದಿನಿಂದ "ಅಷ್ಟು ಬೇಗ ಹೋಗಿ ಏನು ಮಾಡ್ಬೇಕಿತ್ತೋ?" ಅಂದರು, ಅಷ್ಟೇ. ಶಿವಮೊಗ್ಗದವರೆಗೆ ಮತ್ತೆ ಯಾರೂ ಜಾಸ್ತಿ ಮಾತಾಡಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ, ಎದ್ದು ಕೂತು ಲೆಕ್ಕ ಹಾಕಿದೆ. (ಹಳೇ ಭೌತಶಾಸ್ತ್ರ, ಪಿಯುಸಿಯಲ್ಲಿ ಕಲಿತಿದ್ದು. ಬೇಸರ ಆದರೆ ಮುಂದಿನ ಪ್ಯಾರಾ ಬಿಟ್ಟುಬಿಡಿ, ಆದರೆ ಬಿಡಬೇಡಿ ಅಂತ ನನ್ನ ವಿನಂತಿ.)

ಐವತ್ತರಲ್ಲಿ ಹೋಗೋ ಟ್ಯಾಂಕರನ್ನ ದಾಟಿ ವಾಪಸ್ ಎಡಕ್ಕೆ ಬರೋಕೆ ಅದಕ್ಕಿಂತ ಸುಮಾರು 40 ಮೀಟರ್ ಮುಂದೆ ಹೋಗಬೇಕು ಅಂತಿಟ್ಟುಕೊಳ್ಳಿ. ಸಾದಾ ಕಾರು ಸೆಕೆಂಡಿಗೆ ಗಂಟೆಗೆ 4 ಕಿ.ಮೀ. ಲೆಕ್ಕದಲ್ಲಿ ವೇಗ ಏರಿಸಿಕೊಂಡರೆ, ಇದಕ್ಕೆ ಎಂಟೂವರೆ ಸೆಕೆಂಡು ಬೇಕು. ಪೊಗರಿನ ಕಾರು ಅದರ ಎರಡರಷ್ಟು, ಅಂದರೆ ಸೆಕೆಂಡಿಗೆ 8 ಕಿ.ಮೀ. ಏರಿಸಿಕೊಂಡರೆ ಆರು ಸೆಕೆಂಡು. ನೋಡಿದಿರಾ, ಎರಡರಷ್ಟು ತಾಕತ್ತಿಗೆ ಸಮಯ ಅರ್ಧ ಆಗಲಿಲ್ಲ, ಉಳಿದಿದ್ದು ಎರಡೂವರೆ ಸೆಕೆಂಡು ಮಾತ್ರ. ಎದುರಿನ ಬಸ್ಸು ಅರವತ್ತರಲ್ಲಿ ಬರ್ತಿದ್ದರೆ ಸಾದಾ ಕಾರಿಗೆ ಸುಮಾರು 300 ಮೀಟರ್ ಖಾಲಿ ರಸ್ತೆ ಬೇಕು, ಪೊಗರಿನದಕ್ಕೆ 225 ಸಾಕು. ಒಳ್ಳೇದೇ. ಆದರೆ ದಾಟಿ ಮುಗಿಸೋ ಹೊತ್ತಿಗೆ ಸಾದಾ ಕಾರು 84ರಲ್ಲಿ ಇರುತ್ತೆ, ಪೊಗರಿನದು 98ರಲ್ಲಿ. ನಿಲ್ಲಿಸೋಕೆ ಬೇಕಾದ ದೂರ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ. ಅಂದರೆ ಬ್ರೇಕಿನ ಮೇಲೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೊರೆ. (ಅಂಥ ರಸ್ತೆಗೆ ಕಾನೂನಿನ ಮಿತಿ 70. ಎರಡೂ ಲೆಕ್ಕದಲ್ಲಿ ನಾನು ತಪ್ಪಿತಸ್ಥನೇ, ಒಪ್ಕೋತೀನಿ.)

ಮತ್ತೆ ಇನ್ನೊಂದು ವಿಷಯ, ಅದು ಯಾವ ಲೆಕ್ಕಕ್ಕೂ ಸಿಗೋದಿಲ್ಲ. 225 ಮೀಟರ್ ಸಾಕು ಅಂತ ಗೊತ್ತಾದ ಕೂಡಲೇ ನಾನು 300 ಮೀಟರಿಗೆ ಕಾಯೋದು ಬಿಟ್ಟುಬಿಟ್ಟೆ. ಕಾರು ಕೊಟ್ಟ ಎರಡೂವರೆ ಸೆಕೆಂಡನ್ನ ನಾನು ಜೋಪಾನವಾಗಿ ಇಟ್ಟುಕೊಳ್ಳಲಿಲ್ಲ, ಅಲ್ಲೇ ಖರ್ಚು ಮಾಡಿದೆ. ಅದೇ ವೇಗದಲ್ಲಿ ನನ್ನ ಕಾರಿದ್ದಿದ್ದರೆ ಆ ಅಜ್ಜನಿಗೆ ಗುದ್ದುತ್ತಿತ್ತೇನೋ. ಆದರೆ ನನ್ನ ಕಾರಾಗಿದ್ದರೆ ಆ ವೇಗದಲ್ಲಿ ಇರ್ತಾನೇ ಇರಲಿಲ್ಲ. ಟ್ಯಾಂಕರಿನ ಹಿಂದೆ ಇರ್ತಿತ್ತು.

ಕೀ ವಾಪಸ್ ಕೊಟ್ಟೆ. "ಯಾಕೆ, ಇಷ್ಟ ಆಗಲಿಲ್ವಾ?" ಅಂದರು. "ತುಂಬಾ ಇಷ್ಟ ಆಯ್ತು, ಅದಕ್ಕೇ" ಅಂದೆ.

*

ಹಾಗಾದರೆ ಭಾವಮೈದುನ ಹೇಳಿದ್ದೇ ಸರಿನಾ? ಪೂರ್ತಿ ಅಲ್ಲ.

ಅವತ್ತು ಕಾರು ನಿಂತಿದ್ದು ಎಂಜಿನ್‌ನಿಂದ ಅಲ್ಲ. ಒಳ್ಳೇ ಬ್ರೇಕು, ಒಳ್ಳೇ ಟೈರು, ಅಷ್ಟು ಜೋರಾಗಿ ಬ್ರೇಕ್ ಹಾಕಿದರೂ ಆಕಡೆ ಈಕಡೆ ಎಳೆಯದ ಸಸ್ಪೆನ್ಷನ್. ಕಂಪನಿಯವರು ಒಂದು ಕಾರಿಗೆ ಜಾಸ್ತಿ ತಾಕತ್ತು ಕೊಡೋವಾಗ ಇದನ್ನೆಲ್ಲ ಸರಿ ಮಾಡಲೇಬೇಕಾಗುತ್ತೆ. ಪೊಗರಿನ ಆವೃತ್ತಿಯಿಂದ ಆಗೋ ನಿಜವಾದ ಉಪಕಾರ ಅದೇ. ಸಂಸಾರದ ಕಾರನ್ನ ಕೊನೆಗೂ ಯಾರೋ ಒಬ್ಬ ಎಂಜಿನಿಯರ್ ಮನಸ್ಸಿಟ್ಟು ಮುಗಿಸ್ತಾನೆ. ಸಾದಾ ಕಾರಿಗೆ ಟೈರು ಆರಿಸೋವಾಗ ಮೈಲೇಜ್ ನೋಡ್ತಾರೆ, ಬೆಲೆ ನೋಡ್ತಾರೆ, ಹಿಡಿತ ಆಮೇಲೆ.

ನನ್ನ ತಕರಾರು ಏನಪ್ಪಾ ಅಂದರೆ, ಈ ಒಳ್ಳೇದನ್ನೆಲ್ಲ ಎಂಜಿನ್ ಜೊತೆ ಗಂಟು ಹಾಕಿ ಮಾರ್ತಾರೆ. ಅಜ್ಜಿ, ಮಗು ಕೂತಿರೋ ಸಾದಾ ಕಾರಿಗೆ ಅದೇ ಬ್ರೇಕ್ ಬೇಡವಾ? ಇನ್ನೊಂದು ಕಡೆ, ತಾಕತ್ತು ಮಾತ್ರ ಕೊಟ್ಟು ಉಳಿದಿದ್ದನ್ನ ಉಳಿಸಿಕೊಳ್ಳೋದೂ ಉಂಟು. 2022ರಲ್ಲಿ ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಬಂದಾಗ 150 ಅಶ್ವಶಕ್ತಿಯ ಎಂಜಿನ್ ಇದ್ದರೂ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕೇ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬೀಳುತ್ತೆ, ಹಿಂದಿನ ಬ್ರೇಕಿಗೆ ಕೆಲಸ ಕಡಿಮೆ, ಒಂದು ಸಲ ನಿಲ್ಲಿಸೋದ್ರಲ್ಲಿ ದೊಡ್ಡ ವ್ಯತ್ಯಾಸ ಬರಲ್ಲ ಅನ್ನೋದು ನಿಜ. ಆದರೆ ಐದು ಜನ, ತುಂಬಿದ ಡಿಕ್ಕಿ, ಆಗುಂಬೆ ಇಳಿಯೋವಾಗ ಪದೇ ಪದೇ ಬ್ರೇಕ್ ಒತ್ತುತ್ತಾ ಹೋದರೆ ಬಿಸಿ ಬೇಗ ಬಿಟ್ಟುಕೊಡೋದು ಡಿಸ್ಕು. ಅದಕ್ಕೇ ಹೇಳಿದ್ದು, ಆ ಲೀನಿಯಾದ ನಾಲ್ಕು ಡಿಸ್ಕ್ ನೆನಪಿಟ್ಟುಕೊಳ್ಳಿ ಅಂತ. ಹನ್ನೆರಡು ವರ್ಷ ಮೊದಲು, 114 ಅಶ್ವಶಕ್ತಿಗೇ ಅವರು ಅದನ್ನ ಕೊಟ್ಟಿದ್ದರು.

ಇನ್ನು ಆ ನೂರು ಕಾರಿನ ವಿಷಯ. ಸಾದಾ ಆಕ್ಟೇವಿಯಾ ನಮ್ಮ ದೇಶದಲ್ಲಿ 2023ರಲ್ಲೇ ನಿಂತು ಹೋಗಿತ್ತು. ಅಂದರೆ ಸಂಸಾರದ ಕಾರೇ ಇಲ್ಲದೆ ಅದರ ಪೊಗರಿನ ಆವೃತ್ತಿ ಮಾತ್ರ ಬಂತು! ಅಪ್ಪ ಊರು ಬಿಟ್ಟ ಮೇಲೆ ಪುಂಡ ಮಗ ಒಬ್ಬನೇ ಜಾತ್ರೆಗೆ ಬಂದ ಹಾಗೆ. ಕೊಂಡವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ (ಸ್ವಲ್ಪ ಇದೆ). ಆದರೆ ಐವತ್ತು ಲಕ್ಷದ ನೂರು ಕಾರಿಗೂ ಸಂಸಾರಸ್ಥನಿಗೂ ಏನೂ ಸಂಬಂಧ ಇಲ್ಲ, ಅದು ಕಪಾಟಿನಲ್ಲಿಡೋ ಬೆಳ್ಳಿ ಲೋಟ. ಏಳೂವರೆ ಲಕ್ಷದ ಟಿಗೋರ್ ಸತ್ತಾಗ ಅಳಬೇಕಿತ್ತು, ಯಾರೂ ಅಳಲಿಲ್ಲ.

ಓಡಿಸೋದಾದರೂ ಎಲ್ಲಿ? ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮಿತಿ ನೂರು, ತಲೆ ಮೇಲೆ ಕ್ಯಾಮೆರಾ. 130 ದಾಟಿದರೆ ಎಫ್‌ಐಆರ್ ಅಂತ 2024ರ ಆಗಸ್ಟಿನಿಂದ ನಮ್ಮ ಪೊಲೀಸರು ಶುರು ಮಾಡಿದರು. ನಾನು ಅದನ್ನ ಸ್ವಾಗತಿಸೋನೇ. ನನ್ನಂಥವನಿಗೆ ಬಾಣಾವರದಲ್ಲಿ ಒಂದು ಕ್ಯಾಮೆರಾ ಇರಬೇಕಿತ್ತು.

ಕಂಪನಿಯವರು ಕೇಳಿದರೆ (ಯಾರು ಕೇಳ್ತಾರೆ!) ನನಗೆ ಬೇಕಾಗಿರೋದು ಆ ಕಾರಿನ ಬ್ರೇಕು, ಟೈರು, ಸಸ್ಪೆನ್ಷನ್, ಆ ಒಳ್ಳೇ ಸೀಟು. ಎಂಜಿನ್ ಅರ್ಧ ಸಾಕು. ಹಾಗೆ ಯಾರೂ ಮಾರಲ್ಲ, ಗೊತ್ತು. "ಒಳ್ಳೇದಾಗಿ ನಿಲ್ಲುತ್ತೆ" ಅನ್ನೋದನ್ನ ಜಾಹೀರಾತಿನಲ್ಲಿ ತೋರಿಸೋದು ಕಷ್ಟ.

ಹೋದ ವಾರ ನನ್ನ ಬಿಳೀ ಸೆಡಾನ್‌ಗೆ ಟೈರು ಹಾಕಿಸೋಕೆ ಹೋಗಿದ್ದೆ. ಅಂಗಡಿಯವನು "ಸಾರ್, ಮೈಲೇಜ್ ಬರೋದು ಹಾಕ್ಲಾ, ಗ್ರಿಪ್ ಇರೋದು ಹಾಕ್ಲಾ?" ಅಂದ. ಗ್ರಿಪ್ ಇರೋದು ಅಂದೆ. ಒಂದೊಂದಕ್ಕೆ ಸಾವಿರದ ಎಂಟುನೂರು ರೂಪಾಯಿ ಜಾಸ್ತಿ ಆಯಿತು.