ಸಭೆಯ ಮುಂದೆ ನಿಲ್ಲುವವರ ಸಿದ್ಧತೆ

ಕ್ರೈಸ್ತ ದೇವಾಲಯಗಳಲ್ಲಿ ನಡೆಯುವ ಭಾನುವಾರದ ಆರಾಧನೆಯು ಪಾದ್ರಿಗಳೊಬ್ಬರ ಕೆಲಸವೆಂದು ಹೊರಗಿನವರು ಭಾವಿಸುವುದುಂಟು. ವಸ್ತುಸ್ಥಿತಿಯು ಹಾಗಿಲ್ಲ. ಸತ್ಯವೇದದ ಭಾಗವನ್ನು ಓದುವವರು, ಕೀರ್ತನೆಯನ್ನು ಎತ್ತಿಕೊಡುವವರು, ಸಭೆಯ ಪರವಾಗಿ ಪ್ರಾರ್ಥಿಸುವವರು, ಮಕ್ಕಳಿಗೆ ಪಾಠ ಹೇಳುವವರು, ರೋಗಿಗಳ ಮನೆಗೆ ಹೋಗಿಬರುವವರು—ಇವರಲ್ಲಿ ಬಹುಮಂದಿ ದೀಕ್ಷೆ ಪಡೆದ ಯಾಜಕರಲ್ಲ. ವಾರದ ಆರು ದಿನಗಳೂ ಹೊಲದಲ್ಲಿಯೋ ಅಂಗಡಿಯಲ್ಲಿಯೋ ಕಚೇರಿಯಲ್ಲಿಯೋ ದುಡಿಯತಕ್ಕ ಗೃಹಸ್ಥರು ಮತ್ತು ಗೃಹಿಣಿಯರು. ಹಳ್ಳಿಗಳಲ್ಲಂತೂ ಒಬ್ಬ ಸಭಾಪಾಲಕರ ವಶದಲ್ಲಿ ಹಲವು ಊರುಗಳ ಸಭೆಗಳಿರುವುದುಂಟು. ಅವರು ಬಾರದ ಭಾನುವಾರಗಳಲ್ಲಿ ಆರಾಧನೆಯ ಭಾರವೆಲ್ಲವೂ ಇಂಥವರ ಮೇಲೆಯೇ ಬೀಳುತ್ತದೆ. ಇವರಿಗೆ ಶಿಕ್ಷಣವು ಬೇಕೇ, ಬೇಕಾದರೆ ಅದು ಎಂಥದಾಗಿರಬೇಕು ಎಂಬುದೇ ಈ ತಿಂಗಳಿನ ವಿಚಾರ.

ಮೊದಲು ಪೂರ್ವಪಕ್ಷವನ್ನು ಕೇಳೋಣ. “ಭಕ್ತಿಯೊಂದಿದ್ದರೆ ಸಾಲದೇ? ಯೇಸುವಿನ ಶಿಷ್ಯರಲ್ಲಿ ಕೆಲವರು ಬೆಸ್ತರಾಗಿದ್ದರು. ಅವರು ಯಾವ ಪಾಠಶಾಲೆಯಲ್ಲಿ ಓದಿದರು?” ಎಂದು ಕೆಲವರು ಕೇಳುವರು. ಉತ್ತರವು ಕಷ್ಟವಲ್ಲ. ಆ ಬೆಸ್ತರು ಬಲೆಯನ್ನು ಬಿಟ್ಟ ಮರುದಿನವೇ ಉಪದೇಶಕ್ಕೆ ನಿಂತವರಲ್ಲ. ಗುರುವಿನ ಸಂಗಡ ನಡೆದು, ಉಂಡು, ಕೇಳಿ, ಸಂದೇಹಪಟ್ಟು, ತಿದ್ದಿಸಿಕೊಂಡರು. ಇಬ್ಬಿಬ್ಬರಾಗಿ ಊರುಗಳಿಗೆ ಹೋಗಿ, ಹಿಂದಿರುಗಿ ಬಂದು, ತಾವು ಮಾಡಿದುದನ್ನೂ ಹೇಳಿದುದನ್ನೂ ಗುರುವಿಗೆ ಒಪ್ಪಿಸಿದರು. ನಮ್ಮ ದೇಶದಲ್ಲಿ ಇಂಥದಕ್ಕೆ ಗುರುಕುಲವಾಸವೆಂದು ಹೆಸರು. ಭಕ್ತಿಯು ಸೇವೆಗೆ ಪ್ರೇರಣೆಯನ್ನು ಕೊಡುತ್ತದೆ. ಶಿಕ್ಷಣವಾದರೋ ಕೇಳುವವರಿಗೆ ಸಲ್ಲಿಸಬೇಕಾದ ಋಣ. ಮೊದಲನೆಯದು ಇದೆಯೆಂದು ಎರಡನೆಯದು ತೀರಿಹೋಗುವುದಿಲ್ಲ.

ಸಾಮಾನ್ಯ ವಿಶ್ವಾಸಿಗಳಿಗೆ ಇಂತಹ ಕೆಲಸಗಳನ್ನು ವಹಿಸುವುದು ಹೊಸದೇನೂ ಅಲ್ಲ. ಕ್ರಿ. ಶ. 251ರ ಸುಮಾರಿಗೆ ರೋಮಿನ ಬಿಷಪ್ ಕೊರ್ನೇಲಿಯನು ಬರೆದ ಒಂದು ಪತ್ರದಲ್ಲಿ ಆ ನಗರದ ಸಭಾಸೇವಕರ ಎಣಿಕೆಯಿದೆ. ಅದರಲ್ಲಿ ಯಾಜಕರಲ್ಲದೆ ವಾಚಕರೂ ದ್ವಾರಪಾಲಕರೂ ಸೇರಿದ್ದಾರೆ. ಕಾಲಕ್ರಮದಲ್ಲಿ ರೋಮನ್ ಕ್ಯಾಥೊಲಿಕ್ ಸಭೆಯಲ್ಲಿ ಈ ವಾಚಕಪದವಿಯು ಯಾಜಕನಾಗತಕ್ಕವನು ಹತ್ತಿಹೋಗುವ ಒಂದು ಮೆಟ್ಟಿಲು ಮಾತ್ರವಾಗಿ ಉಳಿಯಿತು. 1972ರಲ್ಲಿ ಆರನೆಯ ಪೌಲ ಪೋಪರು ಅದನ್ನು ಶ್ರೀಸಾಮಾನ್ಯರಿಗೆ ಪುನಃ ತೆರೆದರು. ಆದರೆ ಗಂಡಸರಿಗೆ ಮಾತ್ರ. 2021ರ ಜನವರಿಯಲ್ಲಿ ಫ್ರಾನ್ಸಿಸ್ ಪೋಪರು ಸ್ತ್ರೀಯರಿಗೂ ಅದನ್ನು ಒದಗಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಉಪದೇಶಿಯ ಕೆಲಸವನ್ನೂ ಒಂದು ಸ್ಥಿರವಾದ ಸೇವಾಪದವಿಯನ್ನಾಗಿ ಸ್ಥಾಪಿಸಿದರು. ಇಂಗ್ಲೆಂಡಿನ ಸಭೆಯು 1866ರಷ್ಟು ಹಿಂದೆಯೇ ವಾಚಕರ ನೇಮಕವನ್ನು ಮತ್ತೆ ಆರಂಭಿಸಿತ್ತು. ಹೀಗೆ ಬಾಗಿಲುಗಳು ಒಂದೊಂದಾಗಿ ತೆರೆದಿವೆ. ಆದರೆ ಬಾಗಿಲನ್ನು ತೆರೆದವರಿಗೆ, ಒಳಗೆ ಬಂದವನನ್ನು ಸಿದ್ಧಪಡಿಸುವ ಹೊಣೆಯೂ ಬಂದೇ ಬರುತ್ತದೆ.

ಈ ಹೊಣೆಯನ್ನು ಚೆನ್ನಾಗಿ ಹೊತ್ತವರಲ್ಲಿ ಮೆಥೊಡಿಸ್ಟರನ್ನು ಹೆಸರಿಸಬೇಕು. ಅವರ ಮೂಲಪುರುಷನಾದ ಜಾನ್ ವೆಸ್ಲಿಯು 1740ರ ಸುಮಾರಿನಲ್ಲಿ ಲಂಡನ್ನಿನ ಹೊರಗಿದ್ದಾಗ, ದೀಕ್ಷೆಯಿಲ್ಲದ ಥಾಮಸ್ ಮ್ಯಾಕ್ಸ್‌ಫೀಲ್ಡನೆಂಬ ತರುಣನು ಪ್ರಸಂಗ ಮಾಡಲಾರಂಭಿಸಿದನೆಂಬ ಸಮಾಚಾರವು ಬಂದಿತು. ವೆಸ್ಲಿಯು ಅದನ್ನು ನಿಲ್ಲಿಸಬೇಕೆಂದು ಧಾವಿಸಿ ಬಂದನು. ತಾಯಿ ಸುಸಾನಳು, ಮೊದಲು ಅವನ ಮಾತನ್ನು ನೀನೇ ಕೇಳಿ ನೋಡು ಎಂದು ಬುದ್ಧಿ ಹೇಳಿದಳು. ಮಗನು ಕೇಳಿದನು, ಒಪ್ಪಿದನು. ಮೆಥೊಡಿಸ್ಟರ ಶ್ರೀಸಾಮಾನ್ಯ ಪ್ರಸಂಗಿಗಳ ಪರಂಪರೆಗೆ ಇದು ನಾಂದಿಯಾಯಿತು. ಗಮನಿಸಬೇಕಾದುದೇನೆಂದರೆ, ಒಪ್ಪಿಗೆ ಕೊಟ್ಟ ವೆಸ್ಲಿಯು ಅವರನ್ನು ಅವರ ಪಾಡಿಗೆ ಬಿಡಲಿಲ್ಲ. ತನ್ನ ಪ್ರಸಂಗಿಗಳು ದಿನಕ್ಕೆ ಐದು ಗಂಟೆಗಳಾದರೂ ಓದಬೇಕೆಂದು ವಿಧಿಸಿದನು. ಓದಿನಲ್ಲಿ ರುಚಿಯಿಲ್ಲವೆಂದವರಿಗೆ, ರುಚಿಯನ್ನು ಬೆಳೆಸಿಕೊಳ್ಳಿರಿ, ಇಲ್ಲವಾದರೆ ನಿಮ್ಮ ಹಳೆಯ ಕಸುಬಿಗೆ ಹಿಂದಿರುಗಿರಿ ಎಂಬರ್ಥದ ಉತ್ತರವನ್ನು ಕೊಟ್ಟನು. ಇಂದಿಗೂ ಬ್ರಿಟನ್ನಿನ ಮೆಥೊಡಿಸ್ಟರಲ್ಲಿ ಸ್ಥಳೀಯ ಪ್ರಸಂಗಿಯಾಗಬೇಕಾದವನು ಮೊದಲು ಅನುಭವಸ್ಥನೊಬ್ಬನ ಸಂಗಡ ಹೋಗಿ ಕಲಿಯಬೇಕು. ಅನಂತರ ಪರೀಕ್ಷಾರ್ಥಿಯಾಗಿ ಇರಬೇಕು. ಅವನು ನಡೆಯಿಸಿದ ಆರಾಧನೆಯನ್ನು ಬಲ್ಲವರು ಕೇಳಿ ಗುಣದೋಷಗಳನ್ನು ತಿಳಿಸಬೇಕು. ನಿಗದಿಯಾದ ಅಧ್ಯಯನವೂ ಮುಗಿಯಬೇಕು. ಆಮೇಲೆಯೇ ಅಂಗೀಕಾರ.

ಇಂತಹ ಶಿಕ್ಷಣದಲ್ಲಿ ಅತಿ ಸುಲಭವೆಂದು ತೋರುವ ಕೆಲಸವೇ ಬಹಳ ಉಪೇಕ್ಷಿತವಾಗಿದೆ. ಅದು ಗಟ್ಟಿಯಾಗಿ ಓದುವುದು. “ಅಕ್ಷರ ಬಲ್ಲವನಿಗೆ ಓದಲು ಬಾರದೇ?” ಎಂದೆನ್ನುವರು. ಶಾಲೆಯಲ್ಲಿ ಬಹುಕಾಲ ಮಕ್ಕಳ ಓದನ್ನು ಕೇಳಿದವರಿಗೆ ಈ ಮಾತಿನ ಪೊಳ್ಳುತನವು ಗೊತ್ತು. ಪಾಣಿನೀಯ ಶಿಕ್ಷೆಯೆಂಬ ಹಳೆಯ ಗ್ರಂಥದಲ್ಲಿ ಪಾಠಕನ ಗುಣಗಳು ಆರು, ದೋಷಗಳು ಆರು ಎಂದು ಎಣಿಸಿದ್ದಾರೆ. ರಾಗವೆಳೆದು ಓದುವುದು, ಅವಸರಪಡುವುದು, ತಲೆಯಾಡಿಸುವುದು, ಬರೆದುದನ್ನೇ ನೆಚ್ಚಿ ಓದುವುದು, ಅರ್ಥವರಿಯದಿರುವುದು, ಕ್ಷೀಣಸ್ವರ—ಇವು ದೋಷಗಳು. ವೇದಾಧ್ಯಾಯಿಗಳಿಗಾಗಿ ಹೇಳಿದ ಈ ಲಕ್ಷಣವು ಯಾವ ದೇವಾಲಯದ ಓದುಗನಿಗಾದರೂ ಒಪ್ಪುತ್ತದೆ. ನಮ್ಮ ನಾಡಿನ ಕಾವ್ಯವಾಚನದಲ್ಲಿ ಗಮಕಿಯು ಒಬ್ಬ, ವ್ಯಾಖ್ಯಾನಕಾರನು ಇನ್ನೊಬ್ಬ. ಗಮಕಿಯ ಪದಚ್ಛೇದವು ತಪ್ಪಿದರೆ ವ್ಯಾಖ್ಯಾನಕಾರನ ಪಾಂಡಿತ್ಯವೆಲ್ಲವೂ ವ್ಯರ್ಥ. ಹಾಗೆಯೇ ಸತ್ಯವೇದದ ಪಾಠವು ಕಿವಿಗೆ ಮುಟ್ಟದಿದ್ದರೆ, ಆಮೇಲಿನ ಪ್ರಸಂಗಕ್ಕೆ ತಳಹದಿಯೇ ಇಲ್ಲ. ಓದುಬಾರದ ವೃದ್ಧೆಯೊಬ್ಬಳಿಗೆ ಆ ವಾರ ದೊರೆಯತಕ್ಕ ಶಾಸ್ತ್ರವೆಲ್ಲವೂ ಆ ಹತ್ತು ನಿಮಿಷಗಳಲ್ಲಿಯೇ ಇದೆಯೆಂಬುದನ್ನು ಓದುವವನು ಮರೆಯಲಾಗದು.

ಇನ್ನು, ಈ ಶಿಕ್ಷಣವನ್ನು ಎಲ್ಲಿ ಕೊಡಬೇಕು? ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1847ರಲ್ಲಿ ಬಲ್ಮಠದಲ್ಲಿ ಉಪದೇಶಿಗಳನ್ನು ತಯಾರುಮಾಡುವ ಶಾಲೆಯನ್ನು ನೆಲೆಗೊಳಿಸಿದರು. ವಿದ್ಯಾರ್ಥಿಯು ಅಲ್ಲಿಯೇ ವಾಸಮಾಡಿ ಕಲಿಯುವ ಪದ್ಧತಿ ಅದು. ಪೂರ್ಣಕಾಲದ ಸೇವೆಗೆ ಹೊರಟವನಿಗೆ ಅದು ಯೋಗ್ಯವೇ. ಆದರೆ ಹೆಂಡತಿ ಮಕ್ಕಳುಳ್ಳ, ಎರಡು ಎಕರೆ ಹೊಲವುಳ್ಳ ಗೃಹಸ್ಥನು ಮೂರು ವರ್ಷ ಮನೆಬಿಟ್ಟು ಹೋಗಲು ಸಾಧ್ಯವೇ? ಹಾಗೆ ಹೋದ ತರುಣರಲ್ಲಿಯೂ ಪಟ್ಟಣದ ವಾಸಕ್ಕೆ ಒಗ್ಗಿ ಹಳ್ಳಿಗೆ ಮರಳಲು ಮನಸ್ಸಾಗದವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಮಧ್ಯ ಅಮೆರಿಕದ ಗ್ವಾಟೆಮಾಲದ ಪ್ರೆಸ್ಬಿಟೇರಿಯನ್ ಸಭೆಯವರು ಈ ತೊಡಕನ್ನು ಕಂಡು 1963ರಲ್ಲಿ ಒಂದು ತಿರುವು ಕಂಡುಹಿಡಿದರು. ಶಿಷ್ಯನು ಗುರುವಿನಲ್ಲಿಗೆ ಬರಲಾರನಾದರೆ ಗುರುವೇ ಶಿಷ್ಯನ ಊರಿನ ಸಮೀಪಕ್ಕೆ ಹೋಗಲಿ ಎಂಬುದೇ ಅದು. ಶಿಷ್ಯನು ಮನೆಯಲ್ಲಿದ್ದು, ಸ್ವಯಂಪಾಠಕ್ಕೆ ಹೊಂದುವಂತೆ ಬರೆದ ಪುಸ್ತಕಗಳನ್ನು ದಿನದಿನವೂ ಸ್ವಲ್ಪಸ್ವಲ್ಪವಾಗಿ ಓದುವನು. ಗೊತ್ತಾದ ದಿನ ಸಮೀಪದ ಕೇಂದ್ರದಲ್ಲಿ ಅಧ್ಯಾಪಕನೂ ಶಿಷ್ಯರೂ ಕೂಡಿ ಚರ್ಚಿಸುವರು. ಕಲಿತುದನ್ನು ಮುಂದಿನ ಭಾನುವಾರವೇ ತನ್ನ ಸಭೆಯಲ್ಲಿ ಪ್ರಯೋಗಿಸುವನು. ಈ ಕ್ರಮವು ಅನೇಕ ದೇಶಗಳಿಗೆ ಹಬ್ಬಿತು. ನಮ್ಮ ಬೆಂಗಳೂರಿನಲ್ಲಿಯೂ ಇದೇ ಕ್ರಮಕ್ಕಾಗಿ ‘ಟ್ಯಾಫ್ಟೀ’ ಎಂಬ ಸಂಸ್ಥೆಯು 1971ರಲ್ಲಿ ಹುಟ್ಟಿತು.

ಈ ಪದ್ಧತಿಯ ಸಾರವು ಖರ್ಚಿನ ಉಳಿತಾಯದಲ್ಲಿಲ್ಲ. ಊರಿನವರು ಯಾರ ಮಾತಿಗೆ ಈಗಾಗಲೇ ಬೆಲೆಕೊಡುತ್ತಾರೋ, ಯಾರ ನಡತೆಯನ್ನು ಹತ್ತಾರು ವರ್ಷ ಕಂಡಿದ್ದಾರೋ ಅವರಿಗೇ ಕಲಿಸುವುದು ಇದರ ಗುಟ್ಟು. ಶಿಕ್ಷಣವು ಶಿಷ್ಯನನ್ನು ಅವನ ನೆಲದಿಂದ ಕೀಳುವುದಿಲ್ಲ. ನಿಂತಲ್ಲಿಯೇ ಬೇರು ಬಿಡಿಸುತ್ತದೆ. ಕಷ್ಟವೂ ಇಲ್ಲದಿಲ್ಲ. ಹಗಲೆಲ್ಲ ದುಡಿದವನಿಗೆ ರಾತ್ರಿ ಪುಸ್ತಕ ಹಿಡಿದರೆ ನಿದ್ರೆ ಬರುತ್ತದೆ. ಒಬ್ಬಂಟಿಯಾಗಿ ಓದುವವನು ನಡುವೆಯೇ ಕೈಬಿಡುವುದು ಸುಲಭ. ಆದುದರಿಂದ ಕೂಡಿ ಕಲಿಯುವ ದಿನವನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ಆ ಹೊತ್ತಿನ ಮನೆಗೆಲಸವನ್ನು ಮನೆಯವರೂ ಹಂಚಿಕೊಳ್ಳಬೇಕು. ಕಲಿಯುವವಳು ಗೃಹಿಣಿಯಾದಾಗ ಈ ಮಾತು ಇಮ್ಮಡಿಯಾಗಿ ಸಲ್ಲುತ್ತದೆ.

ಕಡೆಯದಾಗಿ ಒಂದು ಎಚ್ಚರಿಕೆ. ಸ್ವಲ್ಪ ಕಲಿತವನಿಗೆ ಪೀಠದ ಮೋಹವು ಬೇಗನೆ ಹತ್ತುತ್ತದೆ. ನೆರೆಯವನಾಗಿ ರೋಗಿಯ ಬಳಿ ಕುಳಿತುಕೊಳ್ಳುತ್ತಿದ್ದವನು ಅಧಿಕಾರಿಯಾಗಿ ನಿಂತುಕೊಳ್ಳಲು ತೊಡಗಿದರೆ ಶಿಕ್ಷಣವು ಅವನನ್ನು ಕೆಡಿಸಿತೆಂದೇ ಹೇಳಬೇಕು. ಆದಕಾರಣ ಪಾಠಪಟ್ಟಿಯಲ್ಲಿ ಶಾಸ್ತ್ರದೊಂದಿಗೆ ಇವೂ ಇರಬೇಕು: ರೋಗಿಯ ಮನೆಯಲ್ಲಿ ಎಷ್ಟು ಹೊತ್ತು ಕುಳಿತಿರಬೇಕು, ಕೇಳಿದ ಗುಟ್ಟನ್ನು ಹೇಗೆ ಕಾಪಾಡಬೇಕು, ಕಾಣಿಕೆಯ ಹಣಕ್ಕೆ ಹೇಗೆ ಲೆಕ್ಕವಿಡಬೇಕು, ತನ್ನಿಂದಾಗದ ಕೆಲಸವನ್ನು ಸಭಾಪಾಲಕರಿಗೆ ಯಾವಾಗ ಒಪ್ಪಿಸಬೇಕು. ಪ್ರಭುಭೋಜನವನ್ನು ನಡೆಯಿಸುವುದೇ ಮೊದಲಾದ ಕೆಲಸಗಳನ್ನು ಹೆಚ್ಚಿನ ಸಭೆಗಳು ದೀಕ್ಷಿತರಿಗೇ ಮೀಸಲಿಟ್ಟಿವೆ. ತನ್ನ ಸಭೆಯ ಮೇರೆಯನ್ನು ಅರಿತು ನಡೆಯುವುದೂ ಕಲಿಕೆಯ ಒಂದು ಭಾಗವೇ.

ಆರಾಧನೆಯಲ್ಲಿ ಓದುವ ಪಾಳಿಯು ನಿಮ್ಮ ಮನೆಯವರೊಬ್ಬರಿಗೆ ಬಂದಿದೆಯೇ? ಶನಿವಾರ ರಾತ್ರಿಯವರೆಗೆ ಕಾಯಬೇಡಿರಿ. ಗುರುವಾರವೇ ಆ ಭಾಗವನ್ನು ಮನೆಯ ಹಿರಿಯರ ಮುಂದೆ ಗಟ್ಟಿಯಾಗಿ ಓದಿಸಿರಿ. ಆಮೇಲೆ ಪುಸ್ತಕವನ್ನು ಮುಚ್ಚಿಸಿ, ಏನು ಕೇಳಿಸಿತೆಂದು ಆ ಹಿರಿಯರನ್ನು ಕೇಳಿರಿ. ಅವರು ಕಥೆಯನ್ನು ತಮ್ಮ ಮಾತಿನಲ್ಲಿ ಹೇಳಬಲ್ಲರಾದರೆ ಓದಿದವರು ಸಿದ್ಧರಾದರು. ಇಲ್ಲವಾದರೆ ಶುಕ್ರವಾರವೂ ಶನಿವಾರವೂ ಉಳಿದಿವೆ.