ಮಕ್ಕಳ ಯಂತ್ರ ಸಂತೆಗೆ ಬರಲಿ

ಶಾಲೆಯ ವಿಜ್ಞಾನ ಪ್ರದರ್ಶನವನ್ನು ಕಣ್ಣಾರೆ ಕಂಡ ಕೂಲಿಕಾರ ತಂದೆತಾಯಿಗಳು ನಮ್ಮಲ್ಲಿ ಎಷ್ಟು ಮಂದಿ? ಬಹಳ ಕಡಮೆ. ಅದು ನಡೆಯುವುದು ಕೆಲಸದ ದಿನ, ಹಗಲು ಹೊತ್ತಿನಲ್ಲಿ. ಪಾಳಿ ಬಿಟ್ಟು ಬಂದರೆ ಅಂದಿನ ಕೂಲಿ ಹೋಯಿತು. ಅಂಗಡಿಗೆ ಬೀಗ ಹಾಕಿ ಬಂದರೆ ಗಿರಾಕಿ ಹೋದ. ನಮ್ಮ ಮಕ್ಕಳು ಮಾಡಿದ್ದನ್ನು ಅಧಿಕಾರಿಗಳು ನೋಡುತ್ತಾರೆ, ತೀರ್ಪುಗಾರರು ನೋಡುತ್ತಾರೆ, ಟೇಪು ಕತ್ತರಿಸಲು ಬಂದ ದೊಡ್ಡವರು ನೋಡುತ್ತಾರೆ. ಹೆತ್ತವರು ಮಾತ್ರ ನೋಡುವುದಿಲ್ಲ.

ಇದೇನು ಮಹಾ ಸಂಗತಿ ಎನ್ನಬೇಡಿ. ಇದರಲ್ಲಿ ನಮ್ಮ ಹಣವಿದೆ. ನೀತಿ ಆಯೋಗವು 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಂತೆ, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳ ಅನುದಾನ. 6ರಿಂದ 12ನೆಯ ತರಗತಿಯವರೆಗಿನ ಮಕ್ಕಳು ಎಲೆಕ್ಟ್ರಾನಿಕ್ ಸಾಮಾನು, ರೋಬಾಟಿನ ಬಿಡಿಭಾಗ, ತ್ರೀ-ಡಿ ಪ್ರಿಂಟರುಗಳನ್ನು ಹಿಡಿದು ತಾವೇ ಏನಾದರೂ ಮಾಡಲಿ ಎಂಬುದು ಉದ್ದೇಶ. ಇಂಥ 50,000 ಪ್ರಯೋಗಶಾಲೆಗಳನ್ನು ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿ ಸಾರಲಾಯಿತು. ಉದ್ದೇಶ ಒಳ್ಳೆಯದು, ಸ್ವಾಗತಿಸೋಣ. ಆದರೆ ಈ ದುಡ್ಡು ಆಕಾಶದಿಂದ ಉದುರಿದ್ದಲ್ಲ. ಸೋಪು, ಬೆಂಕಿಪೊಟ್ಟಣ ಕೊಳ್ಳುವಾಗ ನೀವು ತೆರುವ ತೆರಿಗೆಯೂ ಅದರಲ್ಲಿ ಸೇರಿದೆ. ಆದ್ದರಿಂದ ಕೇಳುವ ಹಕ್ಕು ನಿಮ್ಮದು.

ಒಂದು ಪ್ರದರ್ಶನದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಒಂದು ಮೇಜಿನ ಮೇಲೆ ಥರ್ಮೊಕೋಲಿನ ಅಣೆಕಟ್ಟು, ಬಣ್ಣಬಣ್ಣದ ದೀಪ. ಅಂಗಡಿಯಿಂದ ತಂದ ಮಾದರಿ. ಹುಡುಗ ಇಂಗ್ಲಿಷಿನಲ್ಲಿ ಗಿಳಿಪಾಠ ಒಪ್ಪಿಸಿದ. "ಈ ತಂತಿ ಕಿತ್ತರೆ ಏನಾಗುತ್ತದಪ್ಪ?" ಎಂದು ಕೇಳಿದೆ. ಅವನು ಮೇಷ್ಟರ ಮುಖ ನೋಡಿದ. ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗಿ. ಹಳೆಯ ಡಬ್ಬ, ಎರಡು ತಂತಿ, ಒಂದು ಟ್ರಾನ್ಸಿಸ್ಟರು, ಒಂದು ಬಜರು. ತೊಟ್ಟಿ ತುಂಬಿದೊಡನೆ ಕೂಗುವ ಯಂತ್ರ. ನೀರಿನಲ್ಲಿ ಕರಗಿರುವ ಲವಣಗಳ ದೆಸೆಯಿಂದ ತಂತಿಯಿಂದ ತಂತಿಗೆ ಚೂರು ಕರೆಂಟು ಹರಿಯುತ್ತದೆ, ಟ್ರಾನ್ಸಿಸ್ಟರು ಅದನ್ನು ಹೆಚ್ಚಿಸಿ ಬಜರನ್ನು ಕೂಗಿಸುತ್ತದೆ ಎಂದು ಅವಳು ಕನ್ನಡದಲ್ಲೇ ಹೇಳಿದಳು. ತಂತಿ ಬಿಚ್ಚಿ, ಮತ್ತೆ ಜೋಡಿಸಿ ತೋರಿಸಿದಳು. ರೇಡಿಯೋ ರಿಪೇರಿ ಮಾಡುವ ಮಾವನ ಪಕ್ಕ ಕುಳಿತು ಕಲಿತದ್ದಂತೆ. ಬಹುಮಾನ ಅಣೆಕಟ್ಟಿಗೆ ಹೋಯಿತು.

ಅಲ್ಲಿ ಒಬ್ಬ ಫಿಟ್ಟರೋ ವೈರ್‌ಮನ್ನೋ ನಿಂತಿದ್ದರೆ ಈ ಅನ್ಯಾಯ ಆಗುತ್ತಿತ್ತೇ? ಕೈಯಾರೆ ಮಾಡಿದ ಕೆಲಸ ಯಾವುದು, ಕೊಂಡು ತಂದದ್ದು ಯಾವುದು ಎಂದು ದುಡಿಯುವವನ ಕಣ್ಣು ಕ್ಷಣದಲ್ಲಿ ಹೇಳುತ್ತದೆ. ಅಷ್ಟೇ ಅಲ್ಲ, ಯಾವ ಯಂತ್ರ ಬೇಕು ಎಂಬುದನ್ನೂ ಅವನೇ ಬಲ್ಲ. ಅರಸೀಕೆರೆ ಸೀಮೆಯಲ್ಲಿ ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕುಳಿತು ಕೊಬ್ಬರಿಯಾಗುತ್ತದೆ. ಕೆಟ್ಟ ಕಾಯನ್ನು ಒಡೆಯದೆ ಗುರುತಿಸುವುದು ಹೇಗೆ? ಕಾಯಿ ಅಲ್ಲಾಡಿಸಿ, ಕಿವಿಗೊಟ್ಟು ಹೇಳುವ ಕೂಲಿಯವರಿದ್ದಾರೆ. ಆ ಕಿವಿಯ ವಿದ್ಯೆಗೂ ಮಕ್ಕಳ ಸರ್ಕ್ಯೂಟಿಗೂ ಭೇಟಿ ಮಾಡಿಸಿದರೆ ಅದೇ ನಿಜವಾದ ವಿಜ್ಞಾನ ಪಾಠ.

ಕೈಕೆಲಸ ಕೀಳು, ತಲೆಯ ಕೆಲಸ ಮೇಲು ಎಂಬುದು ನಮ್ಮ ಸಮಾಜದ ಹಳೆಯ ರೋಗ. ಅದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಕಲ್ಲಿನಲ್ಲಿ ನಿಂತಿದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯ ಶಿಲ್ಪಗಳ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರು ಕೊರೆದಿದ್ದಾರೆ. ಬೇಲೂರು ಹಳೇಬೀಡುಗಳ ದುಂಡುಕಂಬಗಳನ್ನು ಲೇತಿನಂಥ ತಿರುಗಣೆಯಲ್ಲಿ ಕಡೆದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಬಳಪದ ಕಲ್ಲಿನ ಗುಣ ತಿಳಿದು, ಲೆಕ್ಕ ಹಾಕಿ, ಯಂತ್ರ ಹೂಡಿ ಕಡೆದವರು ಕೂಲಿಗಳೋ, ವಿಜ್ಞಾನಿಗಳೋ? ಎರಡೂ ಹೌದು. 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಕೈಗಳ ಕೆಲಸವನ್ನೇ.

ಹಳ್ಳಿಯಲ್ಲಿ ಇದು ಆಗದ ಮಾತು ಎನ್ನುವವರು ಪುಣೆ ಜಿಲ್ಲೆಯ ಪಾಬಳ್ ಗ್ರಾಮವನ್ನು ನೋಡಲಿ. ಡಾ. ಕಲಬಾಗ್ ಎಂಬ ವಿಜ್ಞಾನಿ 1983ರಲ್ಲಿ ಅಲ್ಲಿ ವಿಜ್ಞಾನ ಆಶ್ರಮ ತೆರೆದು, ಓದು ಬಿಟ್ಟ ಹುಡುಗರಿಗೂ ವೆಲ್ಡಿಂಗು, ವಿದ್ಯುತ್ತು, ಬೇಸಾಯಗಳ ಮೂಲಕ ವಿದ್ಯೆ ಕಲಿಸಿದರು. ಅಟಲ್ ಪ್ರಯೋಗಶಾಲೆಗಳಿಗೂ ಊರಿನವರಿಗೆ ಬಾಗಿಲು ತೆರೆಯುವ ಸಮುದಾಯ ದಿನವೊಂದಿದೆ. ಅದು ಕಾಗದದಲ್ಲಿ ಉಳಿಯದೆ ಬೀದಿಗೆ ಬರಬೇಕು.

ಆದ್ದರಿಂದ ನಾವು ಕೇಳುವುದು ಇಷ್ಟು. ಅರಸೀಕೆರೆ, ಬೇಲೂರು, ಹಳೇಬೀಡುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಸಂತೆಯ ದಿನ, ಸಂಜೆ, ಎಲ್ಲ ಶಾಲೆಗಳ ಮಕ್ಕಳ ಯಂತ್ರಗಳನ್ನು ಬಯಲಿನಲ್ಲಿ ಇಡಿಸಿ. ವಿವರಣೆ ಕನ್ನಡದಲ್ಲಿರಲಿ. ಕೊಂಡು ತಂದ ಮಾದರಿಗೆ ಬಹುಮಾನ ಬೇಡ. ಬಿಚ್ಚಿ ಜೋಡಿಸಬಲ್ಲ ಮಗುವಿಗೆ ಇರಲಿ. ತೀರ್ಪುಗಾರರಲ್ಲಿ ಒಬ್ಬ ಮೆಕ್ಯಾನಿಕ್ಕು, ಒಬ್ಬ ರೈತಮಹಿಳೆ ಕುಳಿತುಕೊಳ್ಳಲಿ. ಪ್ರಯೋಗಶಾಲೆ ಇರುವ ಶಾಲೆ ಅದರ ಖರ್ಚಿನ ಲೆಕ್ಕವನ್ನು ಗೋಡೆಗೆ ಅಂಟಿಸಲಿ.

ನಮ್ಮ ಪಾಲಿನ ಕೆಲಸವೂ ಉಂಟು. ವರ್ಕ್‌ಶಾಪಿನವರು ವಾರಕ್ಕೊಂದು ಗಂಟೆ ನಾಲ್ಕು ಮಕ್ಕಳನ್ನು ಒಳಗೆ ಬಿಟ್ಟುಕೊಳ್ಳಿ. ಅಂಗಡಿಯವರು ಕೆಟ್ಟ ಮೋಟಾರು, ತುಂಡು ತಂತಿಗಳನ್ನು ಗುಜರಿಗೆ ಹಾಕುವ ಮುನ್ನ ಶಾಲೆಗೊಂದು ಮಾತು ಹೇಳಿ. ಮಗಳು ಮಾಡಿದ ಯಂತ್ರ ಅಪ್ಪನ ಎದುರು ಕೂಗಲಿ. ಅಪ್ಪ ಅದರ ಮುಂದೆ ನಿಂತು, "ಈ ತಂತಿ ಕಿತ್ತರೆ ಏನಾಗುತ್ತದವ್ವ?" ಎಂದು ಕೇಳುವಂತಾಗಲಿ.