ಬನದ ನಿಯಮ ಬೆಟ್ಟಕ್ಕೂ ಬೇಕು



ಈ ವರ್ಷದ ಶಾಲಾ ಪ್ರವಾಸ ಎಲ್ಲಿಗೆ ಎಂದು ನಮ್ಮ ಕ್ಲಾಸಿನಲ್ಲಿ ದೊಡ್ಡ ಚರ್ಚೆ. ಕೆಲವರಿಗೆ ಮೈಸೂರು ಬೇಕು, ಕೆಲವರಿಗೆ ಕುಮಾರ ಪರ್ವತದ ಚಾರಣ. ನಾನು ಬೆಟ್ಟದ ಪಕ್ಷ. ಆದರೆ ನನ್ನದೊಂದು ಷರತ್ತು ಉಂಟು.

ಕಳೆದ ದಸರಾ ರಜೆಯಲ್ಲಿ ಮಾವನ ಜೊತೆ ಸುಬ್ರಹ್ಮಣ್ಯದಿಂದ ಗಿರಿಗದ್ದೆಯವರೆಗೆ ಹತ್ತಿದ್ದೆ. ಮೊದಲು ದಟ್ಟ ಕಾಡು. ಕಾಲಿಗೆ ಉಂಬಳ ಹತ್ತಿ ನನಗೆ ಅಳುವೇ ಬಂತು. ಮೇಲೆ ಹೋದ ಹಾಗೆ ಕಾಡು ಮುಗಿದು ಹುಲ್ಲುಗುಡ್ಡ ಸಿಕ್ಕಿತು. ಬಹಳ ಚಂದ.

ದಾರಿಯಲ್ಲಿ ಚಾಕಲೇಟು ತಿಂದು ತೊಟ್ಟೆಯನ್ನು ಪೊದೆಗೆ ಬಿಸಾಡಿದೆ. ಮಾವ ನಿಂತು, "ಮನೆಯ ನಾಗಬನಕ್ಕೂ ಹೀಗೇ ಬಿಸಾಡ್ತೀಯಾ ಮಾರಾಯ್ತಿ?" ಎಂದು ಕೇಳಿದರು. ನನಗೆ ಉತ್ತರ ಬರಲಿಲ್ಲ. ಹೆಕ್ಕಲು ಹೋದರೆ ಅಲ್ಲಿ ಬೇರೆಯವರು ಬಿಸಾಡಿದ ತೊಟ್ಟೆ, ಬಾಟ್ಲಿಯೂ ಇತ್ತು.

ನಾಗಬನದಲ್ಲಿ ನಾವು ಚಪ್ಪಲಿ ಹಾಕುವುದಿಲ್ಲ, ಉಗುಳುವುದಿಲ್ಲ. ಬಿದ್ದ ಒಣ ಗೆಲ್ಲನ್ನೂ ಅಜ್ಜ ಬಚ್ಚಲೊಲೆಗೆ ತರಲು ಬಿಡುವುದಿಲ್ಲ. ನಾಗನ ಹೆದರಿಕೆ ಅಲ್ವಾ? ಆದರೆ ಈಗ ಕೆಲವು ಕಡೆ ಬನದ ಮರ ಕಡಿದು ಸಿಮೆಂಟು ಕಟ್ಟೆ ಕಟ್ಟಿದ್ದೂ ಉಂಟು. ಹಾಗಾಗಿ ಹೆದರಿಕೆ ಒಂದೇ ಸಾಲದು, ತಿಳುವಳಿಕೆಯೂ ಬೇಕು.

ಕುಮಾರ ಪರ್ವತದ ಎತ್ತರ 1712 ಮೀಟರ್. ಅದು ಪುಷ್ಪಗಿರಿ ವನ್ಯಜೀವಿಧಾಮಕ್ಕೆ ಸೇರಿದ್ದು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ಜಾಗಗಳನ್ನು ವಿಶ್ವ ಪರಂಪರೆಯ ತಾಣ ಎಂದು ಸಾರಿದಾಗ ಪುಷ್ಪಗಿರಿಯೂ ಅದರಲ್ಲಿತ್ತು. ಮೇಲಿನ ಹುಲ್ಲುಗುಡ್ಡಗಳ ನಡುವಿನ ಕಣಿವೆಗಳಲ್ಲಿ ಗುಂಪಾಗಿ ಬೆಳೆಯುವ ಕುಳ್ಳು ಮರಗಳ ಕಾಡಿಗೆ ಶೋಲಾ ಎನ್ನುತ್ತಾರೆ. ಒಮ್ಮೆ ಹಾಳಾದರೆ ಅದು ಮತ್ತೆ ಬೇಗ ಬೆಳೆಯುವುದಿಲ್ಲ. ಹುಲ್ಲೂ ಶೋಲಾವೂ ಮಳೆನೀರನ್ನು ಇಂಗಿಸಿ ಮೆಲ್ಲ ಬಿಡುತ್ತವೆ. ಕುಮಾರಧಾರೆ ಹುಟ್ಟುವುದು ಆ ಬೆಟ್ಟಗಳಲ್ಲಿ. ಸುಬ್ರಹ್ಮಣ್ಯದಲ್ಲಿ ಭಕ್ತರು ಮೀಯುವುದು ಅದೇ ನೀರಿನಲ್ಲಿ. ಉಪ್ಪಿನಂಗಡಿಯಲ್ಲಿ ಅದು ನೇತ್ರಾವತಿಗೆ ಸೇರುತ್ತದೆ. ಮೇಲೆ ಬಿಸಾಡಿದ್ದು ಮಳೆಗೆ ಕೆಳಗೇ ಬರುತ್ತದೆ.

2024ರ ಜನವರಿ ಕೊನೆಯಲ್ಲಿ ಸಾವಿರಾರು ಜನ ಒಟ್ಟಿಗೇ ಹತ್ತಲು ಬಂದು ನೂಕುನುಗ್ಗಲಾಯಿತು. ಆಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಮತ್ತೆ ಶುರು ಮಾಡುವಾಗ ಜನರ ಸಂಖ್ಯೆಗೆ ಮಿತಿ ಹಾಕಿತು. ಈಗ ಮೊದಲೇ ಹೆಸರು ಕೊಡಬೇಕು. ಇದು ಒಳ್ಳೆಯದೇ. ಯಾರೂ ಹೋಗುವುದೇ ಬೇಡ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಾಡನ್ನು ನೋಡದವರಿಗೆ ಅದು ಹಾಳಾದರೆ ಬೇಸರವಾದರೂ ಹೇಗೆ ಆಗುತ್ತದೆ?

ನನ್ನ ಷರತ್ತು ಇಷ್ಟೇ. ಹೊರಡುವಾಗ ಪ್ರತಿಯೊಬ್ಬರ ತೊಟ್ಟೆ, ಬಾಟ್ಲಿ ಎಣಿಸಿ ಲೀಡರ್ ಪುಸ್ತಕದಲ್ಲಿ ಬರೆಯಬೇಕು. ಇಳಿದ ಮೇಲೆ ಲೆಕ್ಕ ಸರಿ ಇರಬೇಕು. ಅಡ್ಡದಾರಿ ಹಿಡಿಯಬಾರದು, ತುಳಿದ ಜಾಗದಲ್ಲಿ ಹುಲ್ಲು ಸತ್ತು, ಮಳೆನೀರು ಅಲ್ಲೇ ಹರಿದು ಮಣ್ಣು ಕೊಚ್ಚಿಹೋಗುತ್ತದೆ. ಹಾಡು, ಬೊಬ್ಬೆ ಬೇಡ. ಬನದ ಒಳಗೆ ನಾವು ಬೊಬ್ಬೆ ಹಾಕುತ್ತೇವಾ?

ಇದಕ್ಕೆ ಒಪ್ಪುವವರು ಬೆಟ್ಟಕ್ಕೆ ಬನ್ನಿ. ಒಪ್ಪದಿದ್ದರೆ ನಾವೆಲ್ಲ ಮೈಸೂರಿಗೇ ಹೋಗುವ. ನನ್ನ ಚಾಕಲೇಟು ತೊಟ್ಟೆ ಈಗಲೂ ಕಂಪಾಸು ಪೆಟ್ಟಿಗೆಯಲ್ಲಿ ಉಂಟು. ಬೇಕಾದವರು ಬಂದು ನೋಡಬಹುದು.

— 7ನೇ ತರಗತಿಯ ವಿದ್ಯಾರ್ಥಿನಿ, ಐವರ್ನಾಡು